ಏಳ್ಗುಂಡಿಗೆ, ಹಸ್ತದ ಮಳೆಯಲ್ಲಿ

ಅವಸರ ಮಾಡಿದ್ದು ನಾವೇ.
ಡಿಸೆಂಬರಿಗೆ ಬನ್ನಿ, ದಾರಿ ಬೀಳ್ತದೆ ಎಂದಿದ್ದ ಹೊಸಬು ಗೌಡ
ಫೋನಿನಲ್ಲಿ ಮೂರು ಸಲ.
(ಹೆಸರು ಹೊಸಬು, ವಯಸ್ಸು ಎಪ್ಪತ್ತರ ಹತ್ತಿರ.)
ಡಿಸೆಂಬರಿನಲ್ಲಿ ಇನಾಸನ ಬೇಕರಿಗೆ ಪುರುಸೊತ್ತಿಲ್ಲ,
ಮೀನು ಬರುವ ತಿಂಗಳಲ್ಲಿ ರೇವತಿಯ ಐಸ್ ಫ್ಯಾಕ್ಟರಿಗೆ ರಜೆ ಗೊತ್ತಿಲ್ಲ,
ನನಗೋ, ಕಾಯುವ ಅಭ್ಯಾಸ ತಪ್ಪಿ ಬಹಳ ಕಾಲ.

ಅಮದಳ್ಳಿಯಲ್ಲಿ ಬಸ್ಸಿಳಿದಾಗ ಆರೂವರೆ.
ಹಸ್ತ ಇನ್ನೂ ಕೈ ತೆಗೆದಿರಲಿಲ್ಲ ಊರ ಮೇಲಿಂದ.
ಇನಾಸನ ಚೀಲದಲ್ಲಿ ಮೂವತ್ತು ಪಾವು, ಸ್ಟವ್, ಒಣ ಬಂಗಡೆ,
ಯಾರಿಗೂ ಹೇಳದೆ ತಂದ ಒಂದು ದಿಂಬು.
ರೇವತಿಯ ಬೆನ್ನಿಗೆ ಬೋಟಿನ ನೀಲಿ ತಾಡಪಲ್,
ಮಡಿಕೆ ಮಡಿಕೆಗೂ ಉಪ್ಪು, ಡೀಸೆಲ್ ವಾಸನೆ.
ಸಮುದ್ರವನ್ನೇ ಗುಡ್ಡಕ್ಕೆ ಹೊತ್ತ ಹಾಗೆ, ಎಂದೆ.
ಹೊತ್ತವಳು ನಾನು, ಮಾತು ಮಾತ್ರ ನಿನ್ನದು, ಎಂದಳು.

ಹೊಸಬು ಗೌಡನ ಕೈಯಲ್ಲಿ ಒಂದು ಕತ್ತಿ, ಒಂದು ಕೋಲು.
ಸೊಂಟದಲ್ಲಿ ಸುಣ್ಣ, ಹೊಗೆಸೊಪ್ಪಿನ ಗಂಟು:
ಅರ್ಧ ಅವನ ಬಾಯಿಗೆ, ಅರ್ಧ ನಮ್ಮ ಕಾಲಿಗೆ.
ಉಂಬಳಗಳು ಎಲೆತುದಿಯಲ್ಲಿ ನಿಂತು
ಒಬ್ಬೊಬ್ಬರದೇ ಹಾಜರಿ ತೆಗೆದುಕೊಂಡವು.

ದಾರಿ ಇರಲಿಲ್ಲ. ಇದ್ದಲ್ಲಿ ಅದನ್ನು
ನೀರು ತನ್ನ ಕೆಲಸಕ್ಕೆ ಎರವಲು ಒಯ್ದಿತ್ತು.
ಮೂರನೇ ಏರಿನಲ್ಲಿ ರೇವತಿಯ ಬೂಟು ಬಾಯಿ ಬಿಟ್ಟಿತು
ಜೆಟ್ಟಿಯ ಮೇಲೆ ಸುರಿದ ಮೀನಿನ ಹಾಗೆ.
ಪಾವಿನ ಪೊಟ್ಟಣದ ಹುರಿಯಿಂದ ಇನಾಸ್ ಅದನ್ನು ಕಟ್ಟಿದ,
ಇಪ್ಪತ್ತು ವರ್ಷ ಗಂಟು ಹಾಕಿದ ಕೈ, ನಾಲ್ಕು ಸುತ್ತು, ಒಂದು ಜಗ್ಗು,
'ಮೂವತ್ತೈದು ರೂಪಾಯಿ' ಎಂದ, ಅಭ್ಯಾಸಬಲ.

ಮೊದಲ ಗುಂಡಿಯನ್ನು ನಾವು ನೋಡಲಿಲ್ಲ.
ಮಂಜು. ಚಾಚಿದ ಕೈ ಬೇರೆಯವರದು ಅನ್ನಿಸುವಂಥ ಮಂಜು.
ಬಂತು, ಎಂದು ನಿಂತ ಹೊಸಬು. ಎಲ್ಲಿ?
ಕೆಂಪುಕಲ್ಲಿನ ಚೂರೊಂದನ್ನು ಎಸೆದ.
ಏನೂ ಇಲ್ಲ.
ಆಮೇಲೆ, ನೆನೆಸಿದ್ದಕ್ಕಿಂತ ಕೆಳಗೆ, ನೆನೆಸಿದ್ದಕ್ಕಿಂತ ಹತ್ತಿರ,
ಗುಳುಂ.
ಅಷ್ಟೇ ಆ ಕೆರೆ. ಒಂದಿಷ್ಟು ಕಪ್ಪೆ,
ಮುಖಕ್ಕೆ ಒಂದು ತಣ್ಣನೆಯ ಉಸಿರು.

ಎರಡನೆಯದು ಕಂಡಿತು.
ಹಾಸುಗಲ್ಲಿನ ತಗ್ಗಿನಲ್ಲಿ ಶಾಲೆಯ ಅಂಗಳದಷ್ಟು ನೀರು,
ದಡದ ತುಂಬ ಸಾಸಿವೆಯಷ್ಟು ನೀಲಿ ಹೂ.
'ಚಂದ ಅಂತ ಬೆರಳಿಡಬೇಡ, ಬುಡದಲ್ಲಿ ಹುಳ ತಿಂತದೆ ಅದು.'
ಇನಾಸ್ ಬೆರಳು ಎಣಿಸಿಕೊಂಡ.

ಮೂರನೆಯದಕ್ಕೆ ಮೊದಲು ಹಳ್ಳ.
ಬೇಸಗೆಯಲ್ಲಿ ಅದು ಒಂದು ದಾಟುಹೆಜ್ಜೆಯಂತೆ.
ಇಂದು ಕಂದು ನೀರು, ಒಳಗೆಲ್ಲೋ ಕಲ್ಲು ಉರುಳಿ
ನಿದ್ದೆಯಲ್ಲಿ ಹಲ್ಲು ಕಡಿಯುವ ಸದ್ದು.
ಹೊಸಬು ಕೋಲಿಳಿಸಿದ. ಕೋಲು ನಡುಗಿತು.
ಕೂತ. ಗಂಟು ಬಿಚ್ಚಿ ಸುಣ್ಣ ಸವರಿದ: 'ಇವತ್ತು ಇಲ್ಲ.'

ವಾದಿಸಿದೆವು. ಹಗ್ಗ ಇದೆ, ಎಂದೆ ನಾನು.
(ಬಟ್ಟೆ ಒಣಗಿಸುವ ಹಗ್ಗ.)
ಇನ್ನೂ ಐದು ಉಳಿದವಲ್ಲ, ಎಂದ ಇನಾಸ್.
'ಗುಂಡಿ ಎಲ್ಲಿ ಹೋತದೆ ಮಾರಾಯ' ಎಂದವನು
ಜಗಿಯುವುದು ನಿಲ್ಲಿಸಿ ತನ್ನನ್ನೇ ತಿದ್ದಿದ:
'ಹೋತದೆ. ದಾರಿ ಬಿದ್ದ ಮೇಲೆ ಒಂದೊಂದೇ ಹೋತದೆ.
ಡಿಸೆಂಬರದ ಮಂದಿ ಬೂಟು ಒದ್ದೆಯಾಗದೆ ಹತ್ತಿ
ಏಳು ಒಣ ತಗ್ಗು ಎಣಿಸಿ ಫೋಟೊ ತೆಗೆದು ಇಳೀತಾರೆ.'

ನಮಗೂ ಅದೇ ತಿಂಗಳು ಹೇಳಿದ್ದೆಯಲ್ಲ?
'ನೀವು ಕೇಳಿದ್ದು ದಾರಿ.
ನೀರಿನ ಮಾತು ಎತ್ತಲೇ ಇಲ್ಲ.'

ರಾತ್ರಿ ತಾಡಪಲ್ಲಿನಡಿ ನಾಲ್ಕು ಜನ.
ದಿಂಬು ಹೊಸಬುಗೆ ಸಿಕ್ಕಿತು, ಹೇಗೆಂದು ಯಾರಿಗೂ ಗೊತ್ತಿಲ್ಲ.
ಎಷ್ಟೋ ಹೊತ್ತಿಗೆ ರೇವತಿ ನನ್ನ ಭುಜ ತಿವಿದಳು:
ಮಂಜು ಹರಿದು, ಕೆಳಗೆ, ಕತ್ತಲಲ್ಲಿ ಹರಡಿದ ಬೋಟಿನ ದೀಪ,
ಅವಳು ಐಸು ತುಂಬಿ ಕಳಿಸಿದ ಬೋಟುಗಳು.
ಹೆಸರು ಹಿಡಿದು ಒಂದೊಂದನ್ನೇ ಕರೆಯತೊಡಗಿದಳು, ಮೆಲ್ಲಗೆ.
ಹನ್ನೊಂದರವರೆಗೆ ನನಗೆ ನೆನಪು.

ಮರುದಿನ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ, ಎಷ್ಟು?
ಕಿಟಕಿಗೊರಗಿ ಕಣ್ಣು ಮುಚ್ಚಿಯೇ ರೇವತಿ ಅಂದಳು, ಎರಡು.
ಅವನು ನಮ್ಮನ್ನು ನೋಡಿದ, ಕೆಸರು ನೋಡಿದ,
ಹುರಿ ಕಟ್ಟಿದ ಬೂಟು ನೋಡಿದ.
ಮೂರು ಜನ ಇದ್ದೀರಲ್ಲ, ಎಂದ.