ಸೊನ್ನೆಗೆ ಮರಳುವುದು

ಕಣ್ಣು ಮುಚ್ಚು, ಅನ್ನುತ್ತಾಳೆ ಅಸ್ಲೌಗ್.
ಬಂದೂಕಿನ ದುರ್ಬೀನು ಕೊಳ್ಳಲು ಬಂದವರಿಗೆ
ಅವಳ ಮೊದಲ ಮಾತೇ ಇದು:
ಕಣ್ಣು ಮುಚ್ಚು, ತಿರುಪು ತಿರುಗಿಸು.

ಗಾಜನ್ನು ಎಲ್ಲರೂ ನೋಡುತ್ತಾರೆ.
ಕಿಟಕಿಯಾಚೆ ಚರ್ಚಿನ ತುದಿಯ ಗಾಳಿಕೋಳಿಯತ್ತ ಹಿಡಿದು
ಅಬ್ಬ, ಎಷ್ಟು ನಿಚ್ಚಳ, ಅನ್ನುತ್ತಾರೆ.
ಗಾಜು ಹಸೆಮಣೆಯ ಮೇಲೆ ಕೂತ ಮದುಮಗಳು.
ತಿರುಪು ಒಳಗೆಲ್ಲೋ ಪಾತ್ರೆ ತಿಕ್ಕುತ್ತಿರುತ್ತದೆ.

ಉವ್‌ದಾಲ್ ಕಣಿವೆಯಲ್ಲಿ, ಟ್ರ್ಯಾಕ್ಟರ್ ಶೆಡ್ಡಿನ ಹಿಂದೆ ಅವಳ ಅಂಗಡಿ.
ಅಲ್ಲಿ ಕಾಫಿಗೂ ಬಂದೂಕಿನೆಣ್ಣೆಯ ವಾಸನೆ.
ಆಗಸ್ಟ್ ಇಪ್ಪತ್ತಕ್ಕೆ ಹಿಮಸಾರಂಗದ ಬೇಟೆ ಶುರು;
ಹದಿನೈದಕ್ಕೇ ಬಾಗಿಲಾಚೆ ಸಾಲು.
ನಾನು ಎರಡು ಬೇಸಿಗೆ ಅಲ್ಲಿ ಸ್ಕ್ರೂ ಎಣಿಸಿದೆ.

ಒಳ್ಳೆಯ ತಿರುಪು ಹೇಗಿರುತ್ತದೆಂದು ಅವಳು ಹೇಳಿದ್ದೇ ಇಲ್ಲ.
ಕೆಟ್ಟದ್ದನ್ನು ಮಾತ್ರ ಕೈಗೆ ಕೊಡುತ್ತಿದ್ದಳು.
ಒಂದು, ಜೇನಿನಲ್ಲಿ ಚಮಚ ಆಡಿಸಿದ ಹಾಗೆ,
ಎಲ್ಲಿ ನಿಂತೆನೆಂದು ಅದಕ್ಕೇ ಗೊತ್ತಿಲ್ಲ.
ಇನ್ನೊಂದು ಹಲ್ಲುದುರಿದ ಬಾಚಣಿಗೆ:
ಮೂರು ಟಿಕ್ಕು, ಒಂದು ಮೌನ, ಮತ್ತೆರಡು ಟಿಕ್ಕು.
ಮತ್ತೊಂದರ ಸದ್ದು ಭಾರಿ,
ಹತ್ತೂ ಬೆರಳಿನ ನೆಟಿಗೆ ಒಟ್ಟಿಗೆ ಮುರಿದ ಹಾಗೆ ಲಟಲಟ.
ಒಳಗೆ ಏನೂ ಸರಿದಿರಲಿಲ್ಲ.
'ಇದು ಭಾಷಣ, ತಾರ್ಯೈ,' ಅಂದು
ಡಬ್ಬಕ್ಕೆ ಎಸೆದಳು.

ಒಂದು ಟಿಕ್ಕೆಂದರೆ
ನೂರು ಮೀಟರಿನಾಚೆ ಕಿರುಬೆರಳಿನಗಲ.
ಮುನ್ನೂರರಾಚೆ ಆರು ಟಿಕ್ಕು ಜಾರಿದರೆ
ಮುಕ್ಕಾಲು ಗೇಣು.
ಶ್ವಾಸಕೋಶಕ್ಕೂ ಕರುಳಿಗೂ ನಡುವೆ
ಇರುವುದೂ ಹೆಚ್ಚುಕಡಿಮೆ ಅಷ್ಟೇ.

ಸೆಪ್ಟೆಂಬರಿನಲ್ಲಿ ಗುನ್‌ವೊರ್ ಬಂದಳು,
ಶಾಲೆಯ ಬಸ್ಸು ಓಡಿಸುವವಳು.
ಮಗುವನ್ನು ಮೀಯಿಸಿ ತಂದ ಹಾಗೆ ಬಂದೂಕಿಗೆ ಟವೆಲು ಸುತ್ತಿದ್ದಳು.
ಮುಸ್ಸಂಜೆಯಲ್ಲಿ ಹೊಡೆದಿದ್ದಳಂತೆ. ಗಂಡು, ದೊಡ್ಡ ಕೊಂಬಿನದು.
ಅದು ಬೀಳಲಿಲ್ಲ. ನಡೆಯಿತು.
ಎರಡು ದಿನ, ಪಾಚಿಯ ಮೇಲೆ, ಮಂಜಿನೊಳಗೆ,
ಮೂರು ಜನ, ಒಂದು ನಾಯಿ.
ಮೂರನೆಯ ದಿನ ಕಾಗೆಗಳೇ ದಾರಿ ತೋರಿದವು.

'ತಿರುಪು ಕೆಟ್ಟಿದೆ,' ಅಂದಳು.
ಅಸ್ಲೌಗ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಕೋಟು ಹಾಕಿಕೊಂಡಳು.

ಗುಂಡಿನ ಮೈದಾನದಲ್ಲಿ ಗಾಳಿ ಇರಲಿಲ್ಲ.
ಬಂದೂಕನ್ನು ಕಬ್ಬಿಣದ ಕಾಲಿಗೆ ಬಿಗಿದು
ಮೊದಲ ಗುಂಡು ಹೊಡೆದಳು.
ಇಪ್ಪತ್ತು ಟಿಕ್ಕು ಮೇಲೆ, ಒಂದು ಗುಂಡು.
ಇಪ್ಪತ್ತು ಬಲಕ್ಕೆ. ಇಪ್ಪತ್ತು ಕೆಳಕ್ಕೆ.
ಇಪ್ಪತ್ತು ಎಡಕ್ಕೆ, ಹೊರಟಲ್ಲಿಗೇ.
ಪ್ರತಿ ಟಿಕ್ಕೂ ನನಗೆ ಕೇಳಿಸಿತು,
ಸುಲಿದ ಕಡಲೆಯಷ್ಟೇ ಚಿಕ್ಕದು, ಅಷ್ಟೇ ಗಟ್ಟಿ.
ಐದು ಗುಂಡಿಗೆ ನಾಲ್ಕೇ ತೂತು.
ಐದನೆಯದು ಮೊದಲನೆಯದರ ಒಳಗೇ ನುಗ್ಗಿತ್ತು.
ಆ ತೂತು ಮಾತ್ರ ಕೊಂಚ ಉದ್ದ.

'ಇನ್ನೊಮ್ಮೆ,' ಅಂದಳು ಗುನ್‌ವೊರ್.
ಇನ್ನೊಮ್ಮೆ ಹೊಡೆದೆವು.
ಮತ್ತೆ ನಾಲ್ಕೇ.
'ಇನ್ನೊಮ್ಮೆ.'

ಎಷ್ಟು ಸಲವೆಂದು ಲೆಕ್ಕ ಇಡಲಿಲ್ಲ. ಸಂಜೆಯಾಯಿತು.
ಅಸ್ಲೌಗ್ ಬೇಡವೆನ್ನಲೇ ಇಲ್ಲ, ಪೆಟ್ಟಿಗೆಯಿಂದ ಪೆಟ್ಟಿಗೆ ಒಡೆದು ಕೊಟ್ಟಳು,
ಬಾಣಂತಿಗೆ ಬಡಿಸುವವಳ ಹಾಗೆ, ಕೇಳದೆ.
ಕೊನೆಗೆ ಗುನ್‌ವೊರ್, ಬಂದೂಕಿಗೆ ಹೇಳುವ ಹಾಗೆ:
'ಅವತ್ತು ಕೈಗವಸು ಹಾಕಿದ್ದೆ.
ಎಣಿಸಿದೆ ಅಂದುಕೊಂಡಿದ್ದೆ.'

ಯಾರೂ ಏನೂ ಅನ್ನಲಿಲ್ಲ.
ಖಾಲಿ ತೋಟಾಗಳನ್ನು ನಾನು ಆರಿಸತೊಡಗಿದೆ;
ಇನ್ನೂ ಬೆಚ್ಚಗಿದ್ದವು ಕೆಲವು.

ಗುಂಡಿನ ದುಡ್ಡು ಕೊಡಲು ಬಂದಾಗ
ಅಸ್ಲೌಗ್ ಡ್ರಾಯರು ತೆರೆಯಲಿಲ್ಲ.
ಗುನ್‌ವೊರ್ ಮೊದಲ ಗುರಿಕಾಗದ ಮಾತ್ರ ಕೇಳಿದಳು.
ಮೇಜಿನ ಮೇಲೆ ಹರಡಿ
ನಾಲ್ಕಾಗಿ ಮಡಿಸಿದಳು.
ಮೂಲೆಗೆ ಮೂಲೆ ಕೂಡಲಿಲ್ಲ.
ಬಿಚ್ಚಿ, ಉಗುರಿನಿಂದ ಗೆರೆ ತೀಡಿ,
ಮತ್ತೆ ಮಡಿಸಿದಳು.