ಹೊತ್ತವನ ಲೆಕ್ಕ

ಅವರ ಹೆಸರಲ್ಲೇ ಒಂದು ಕೆಂಪು ಕುದುರೆ ಇದೆ, ಲೋಹಿತಾಶ್ವ.
ತಾತ ಇಟ್ಟದ್ದು. ಹೆಸರಿನ ಋಣ ತೀರಿಸಿದೆ ಕಣೋ, ಅಂದರು
ದಿಲ್ಲಿಯಿಂದ ಕಂಟೇನರಿನಲ್ಲಿ ಬಂದಿಳಿದ ಕಾರಿನ ಮೈ ಸವರಿ.
ಮೂರನೇ ಕೈ. ಹದಿನೇಳು ವರ್ಷದ ಪ್ರಾಯ.
ಎಪಿಎಂಸಿ ಯಾರ್ಡಿನ ಹಮಾಲರೆಲ್ಲ
ಮೂಟೆ ಇಳಿಸಿ, ಕೈ ಒರೆಸಿಕೊಂಡು, ಮುಟ್ಟದೆ ನೋಡಿದರು.

ನಾನು ಟೋಯಿಂಗ್ ಗಾಡಿಯವನು.
ಆ ದಿನ ನನ್ನನ್ನು ಯಾರೂ ಕರೆದಿರಲಿಲ್ಲ.

ಹನ್ನೊಂದನೇ ದಿನ ಕರೆದರು.
ಡೈರಿ ಸರ್ಕಲ್ಲಿನ ಹಂಪಿನ ಮೇಲೆ ಹೊಟ್ಟೆ ಊರಿ ಕೂತಿತ್ತು,
ಕೆರೆಗಿಳಿದ ಎಮ್ಮೆ ಏಳಲೊಲ್ಲದ ಹಾಗೆ.
ಹಿಂದೆ ಆರು ಬಸ್ಸು, ಹಾರ್ನಿನ ಮೇಲೆ ಹಾರ್ನು.

ಅಲ್ಲಿಂದ ಶುರು.
ಓಡಿಸದಿದ್ದರೆ ಬ್ಯಾಟರಿ ಸಾಯುತ್ತೆ,
ಓಡಿಸಿದರೆ ಕ್ಲಚ್ಚು.
ಮುಚ್ಚಿಟ್ಟರೆ, ಆಲೂಗಡ್ಡೆ ಗೋದಾಮಿನ ಹೆಗ್ಗಣ
ವೈರಿನ ರುಚಿ ಕಲಿತುಬಿಟ್ಟಿತು.
ಒಂದು ಬೆಲ್ಟು ಬದಲಿಸೋಕೆ ಇಡೀ ಎಂಜಿನ್ನೇ ಕೆಳಗಿಳಿಯಬೇಕಂತೆ,
ಹಲ್ಲು ಕೀಳೋಕೆ ತಲೆ ಬಿಚ್ಚಿದ ಹಾಗೆ.

ಮಂಡಿಯವರು, ರೂಪಾಯಿಯಲ್ಲಿ ಎಣಿಸೋದಿಲ್ಲ.
ಹಿಂದಿನ ಲೈಟು ಒಂದಕ್ಕೆ ನೂರಿಪ್ಪತ್ತು ಮೂಟೆ.
ಟೈರು ನಾಲ್ಕಕ್ಕೆ ಎರಡು ಲಾರಿ, ಅದೂ ರೇಟಿದ್ದ ವರ್ಷ.
ಕ್ಲಚ್ಚು ಅಂದಾಗ ಕ್ಯಾಲ್ಕುಲೇಟರು ಮಗುಚಿಟ್ಟು
ಅಂಗಮಾರಿ ಬಿದ್ದ ವರ್ಷ ಅಂದ್ಕೋ, ಅಂದರು.

ನನ್ನದೂ ಒಂದು ಲೆಕ್ಕ ಇದೆ, ಯಾರೂ ಕೇಳಿಲ್ಲ.
ಬೆಂಗಳೂರಿಗೆ ಹೋಗಿ ಬಂದದ್ದು ಹದಿನಾಲ್ಕು ಸಲ.
ಆ ಕಾರು ತನ್ನ ಕಾಲ ಮೇಲೆ ಎರಡು ಸಾವಿರ ಓಡಿಲ್ಲ,
ನನ್ನ ಬೆನ್ನ ಮೇಲೆ ಐದು ಸಾವಿರ ಓಡಿದೆ.

ಪ್ರತಿ ಸಲ ಎರಡು ಬಿಲ್ಲು ಬರೀತೀನಿ.
ಒಂದು ಅವರ ಜೇಬಿಗೆ. ಇನ್ನೊಂದು, ಕಾಲು ಭಾಗದ್ದು,
ಊಟದ ಮೇಜಿನ ಮೇಲೆ ಮರೆತು ಬಿಡೋಕೆ.
ಚಂಪಕಕ್ಕ ಗೇಟಿಗೆ ಬರುತ್ತಾರೆ, ಕನ್ನಡಕ ಹಣೆಗೇರಿಸಿ.
ಮಂಡಿಯ ಕೂಡು-ಕಳೆ ಎಲ್ಲ ಅವರದೇ.
"ಈ ಸಲ ಎಷ್ಟಾಯ್ತಪ್ಪ?"
ಅಂಕಿ ಹೇಳುತ್ತೇನೆ. ತಲೆಯಾಡಿಸುತ್ತಾರೆ.
ಒಳಗೆ ಹೋಗಿ ಮಜ್ಜಿಗೆ ತರುತ್ತಾರೆ.
ಆ ಮಜ್ಜಿಗೆ ನನ್ನ ಗಂಟಲಲ್ಲಿ ಇಳಿಯೋ ರೀತಿ
ಯಾವ ಬಿಲ್ಲಿನಲ್ಲೂ ಬಂದಿಲ್ಲ.

ಹೋದ ತಿಂಗಳು ವಾಪಸ್ ಬರುವಾಗ ಅಣ್ಣನೂ ಜೊತೆಗಿದ್ದರು,
ನನ್ನ ಕ್ಯಾಬಿನ್ನಿನಲ್ಲಿ, ಮೊಣಕಾಲಿಗೆ ಗೇರು ತಗುಲಿಸಿಕೊಂಡು.
ಹಿರೀಸಾವೆಯಲ್ಲಿ ಟೀ. ರಾತ್ರಿ ಎರಡು ಗಂಟೆ.
ಲೋಟ ಇಟ್ಟವರು ಕೇಳಿದರು,
"ಮೇಲೆ, ಅದರಲ್ಲಿ, ಕೂತ್ಕೋಬಹುದಾ?"
ಬಸ್ಸಿನಲ್ಲಿ ಕಿಟಕಿ ಪಕ್ಕ ಕೇಳೋ ಹುಡುಗನ ದನಿ.
ಆಗಲ್ಲ ಅಣ್ಣ, ಪೊಲೀಸು, ಅನ್ನಬೇಕಿತ್ತು.
ಏಣಿ ಹಾಕಿದೆ.

ನಾಲ್ಕು ಪಟ್ಟಿಯಲ್ಲಿ ಬಿಗಿದ ಕಾರಿನೊಳಗೆ
ತಾವೂ ಒಂದು ಬೆಲ್ಟು ಬಿಗಿದುಕೊಂಡು ಕೂತರು.
ನಲವತ್ತು ದಾಟಲಿಲ್ಲ ನಾನು.
ಕನ್ನಡಿಯಲ್ಲಿ ಕಾಣುತ್ತಿತ್ತು:
ಚನ್ನರಾಯಪಟ್ಟಣದ ತಿರುವು ಬಂದಾಗ
ಅಲ್ಲಾಡದ ಸ್ಟೀರಿಂಗಿನ ಮೇಲೆ ಕೈ ಜರುಗಿಸುತ್ತಿದ್ದರು.
ಎದುರು ಲಾರಿಗೆ ಡಿಮ್ಮು, ಡಿಪ್ಪು.
ಅಷ್ಟು ಚೆನ್ನಾಗಿ ಅವರು ಅದನ್ನು ಎಂದೂ ಓಡಿಸಿರಲಿಲ್ಲ.

ಶಾಂತಿಗ್ರಾಮದ ಟೋಲಿನಲ್ಲಿ ರಸೀದಿ ಕೊಡೋ ಹುಡುಗ
ಕತ್ತೆತ್ತಿ ಬಾಯಿಬಿಟ್ಟ. "ಅಣ್ಣಾ, ಎಷ್ಟು ಬಿತ್ತು?"

ಅಣ್ಣ ಕಿಟಕಿ ಇಳಿಸಿ ಹೇಳಿಯೇಬಿಟ್ಟರು.
ಕೊಂಡದ್ದು, ಆಮೇಲೆ ಸುರಿದದ್ದು,
ಚಂಪಕಕ್ಕನ ಹೆಸರಿನ ಸೈಟು ಅಡವಿಟ್ಟದ್ದು,
ಎಲ್ಲ ಕೂಡಿಸಿ, ರೂಪಾಯಿಯಲ್ಲಿ, ಜೋರಾಗಿ.
ಆಡಿಟರಿಗೆ ಗೊತ್ತಿಲ್ಲದ ಅಂಕಿ. ನನಗೂ.
ಹಿಂದಿನ ಲಾರಿ ಹಾರ್ನು ಹೊಡೀತು.
"ಏನಂದ್ರಿ?" ಅಂದ ಹುಡುಗ. ಗೇಟು ಎದ್ದಿತ್ತು.

ಬೆಳಗಿನ ಜಾವ ಕಾರು ಇಳಿಸುವಾಗ ಅಕ್ಕ ಬಂದರು.
ಆ ಸೈಟು ನನ್ನ ನಾಲಿಗೆಯ ಮೇಲೆ
ಸುಣ್ಣ ಹೆಚ್ಚಾದ ಎಲೆಯ ಹಾಗೆ.
"ಈ ಸಲ ಎಷ್ಟಾಯ್ತಪ್ಪ?"
ಅಣ್ಣ ಕಾರಿಗೆ ಹೊದಿಕೆ ಎಳೆಯುತ್ತಿದ್ದರು, ತಿರುಗಲಿಲ್ಲ.

ಬಿತ್ತನೆ ಗಡ್ಡೆ ರೇಟು ಹೇಗಿದೆ ಅಕ್ಕ, ಅಂದೆ.

ಅವರು ನನ್ನನ್ನೇ ನೋಡಿದರು, ಕನ್ನಡಕ ಇಳಿಸಿಕೊಂಡು.
ಮಜ್ಜಿಗೆಗೆ ಒಳಗೆ ಹೋಗಲಿಲ್ಲ.