ಆರು ವೋಲ್ಟು

ಹನ್ನೊಂದು ಸಾವಿರ ವೋಲ್ಟಿನ ತಂತಿಯ ಕೆಳಗೆ ಕೂತು
ಇಪ್ಪತ್ತೆರಡು ವರ್ಷ ಊಟದ ಡಬ್ಬಿ ಬಿಚ್ಚಿದವನು,
ಬೊಮ್ಮಯ್ಯ ನಾಯಕ, ಲೈನ್‌ಮನ್, ಊರು ಅಂಕೋಲೆ ಕಡೆ,
ಇವತ್ತು ಕಾರವಾರದ ಕೋಡಿಬಾಗದಲ್ಲಿ
ಆರು ವೋಲ್ಟಿನೆದುರು ಬೆವರೊರೆಸುತ್ತ ನಿಂತಿದ್ದೇನೆ.

ಯೆಜ್ಡಿ. ನನ್ನ ಮದುವೆಗಿಂತ ಎರಡು ವರ್ಷ ಹಿರಿದು.
ಕಿಕ್ಕೂ ಗೇರೂ ಒಂದೇ ಕೋಲು,
ಒಳಕ್ಕೊತ್ತಿ, ಮೇಲೆತ್ತಿ, ಒದೆಯಬೇಕು.
ಒದ್ದೆ. ನಲವತ್ತು ಸಲ ಒದ್ದೆ.
ಕಾಳಿ ಸೇತುವೆಯ ಬುಡದಿಂದ ತಳ್ಳಿಕೊಂಡು ಓಡಿದೆ,
ಹಾರಿ ಕೂತೆ, ಕ್ಲಚ್ಚು ಬಿಟ್ಟೆ,
ಒಂದು ಸಲ ಕೆಮ್ಮಿತು.
ಮೀನಿನ ಬುಟ್ಟಿಯ ಹೆಂಗಸರು ನಿಂತು ನಕ್ಕರು:
‘ಕರೆಂಟಿನವನಿಗೇ ಕರೆಂಟಿಲ್ಲ!’

ಕೀಲಿ ತಿರುಗಿಸಿದರೆ ಕೆಂಪು ದೀಪ
ಹತ್ತಲೋ ಬೇಡವೋ ಎಂಬಂತೆ.
ಹಾರ್ನು ಒತ್ತಿದರೆ ನೆಗಡಿಯಾದ ಕಪ್ಪೆ.
ಪ್ಲಗ್ಗು ಬಿಚ್ಚಿ ಹೆಡ್ಡಿಗೆ ಆನಿಸಿ ಒದ್ದರೆ
ಕಿಡಿ ಇತ್ತು, ಇಲ್ಲವೆನ್ನುವಂತಿಲ್ಲ,
ಸಾಲಗಾರ ಕೊಡುವ ಬಡ್ಡಿಯ ಹಾಗೆ,
ಕಿತ್ತಳೆ ಬಣ್ಣದ್ದು, ಒಂದೆಳೆ.

ಪ್ಲಗ್ಗು ಹೊಸದು ಹಾಕಿದೆ. ಪಾಯಿಂಟು ಉಜ್ಜಿದೆ,
ಬ್ಲೇಡು ತೂರಿಸಿ ಸಂದು ಅಳೆದೆ.
ಕಂಡೆನ್ಸರು ಬದಲಾಯಿತು, ಕಾಯಿಲೂ ಬದಲಾಯಿತು
(ಎಂಟುನೂರು ರೂಪಾಯಿ; ಮನೆಯಲ್ಲಿ ಹೇಳಿಲ್ಲ).
ಕಡೆಗೆ ಸಿಟ್ಟೆಲ್ಲ ಬ್ಯಾಟರಿಯ ಮೇಲೆ.
ಅಳಿವೆಯ ಬದಿಯ ಅಂಗಡಿಗೆ ತಳ್ಳಿಕೊಂಡೇ ಹೋದೆ.

ನತಾಲಿನ ಬಾಯಿ ದೋಣಿಯ ಬ್ಯಾಟರಿಗಳಿಗೆ
ನೀರು ಹನಿಸುತ್ತಿದ್ದಳು, ಕೂಸಿಗೆ ಔಷಧಿ ಹಾಕುವ ಹಾಗೆ.
ಆಸಿಡ್ಡು ತಿಂದು ಜಾಲರಿಯಾದ ಸೆರಗು.
ಏನಾಯ್ತೆಂದು ಕೇಳಲಿಲ್ಲ.
ಗೂಟಕ್ಕೆ ತೂಗಿಟ್ಟ ಬಲ್ಬು ತೆಗೆದಳು, ಎರಡು ತಂತಿಯದು.
ಬ್ಯಾಟರಿಯ ಎರಡೂ ಕಿವಿಗೆ ಇಟ್ಟಳು:
ಬೆಳ್ಳಗೆ ಉರಿಯಿತು.
ಒಂದನ್ನು ಅಲ್ಲೇ ಬಿಟ್ಟು
ಇನ್ನೊಂದನ್ನು ಎಂಜಿನ್ನಿನ ಮೈಗೆ ತಾಗಿಸಿದಳು:
ಬಲ್ಬು ತೂಕಡಿಸಿತು.
‘ಬ್ಯಾಟರಿಗೆ ಏನೂ ಆಗ್ಲಿಲ್ಲ ರೆ,’ ಅಂದಳು,
‘ಅರ್ಥ ಇಲ್ಲ.’

ನಲವತ್ತು ಒದೆತಕ್ಕೆ ಅರ್ಥವಿಲ್ಲ, ಸರಿ.
ಎಂಟುನೂರಕ್ಕೂ ಇಲ್ಲ, ಒಪ್ಪಿದೆ.
ಇನ್ನೂ ಏನೇನಕ್ಕಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ.
‘ಅರ್ಥ್ ರೆ, ಅರ್ಥ್! ನೆಲ!
ನಿಂಗೆ ನಾನು ಹೇಳಿಕೊಡಬೇಕಾ?’

ನನಗೆ ಹೇಳಿಕೊಡಬೇಕಾ.
ಲೈನು ಬಂದಾದರೂ ಮೊದಲು ಅರ್ಥ್ ರಾಡು, ಆಮೇಲೆ ಕೈ
ಎಂದು ಹೊಸ ಹುಡುಗರಿಗೆ ಬೈಯುವವನು ನಾನು.
ಬಿಣಗಾದ ತಿರುವಿನಲ್ಲಿ
ರಾಡು ಜೀಪಿನಲ್ಲೇ ಬಿಟ್ಟು ಹತ್ತಿದ ಹಮ್ಮು ಗೌಡನನ್ನು
ಹಗ್ಗ ಕಟ್ಟಿ ಕೆಳಗಿಳಿಸಿದವನೂ ನಾನೇ.
ಯಾರದೋ ಮನೆಯ ಜನರೇಟರು
ಸತ್ತ ತಂತಿಗೆ ಹಿಂದಿನಿಂದ ಜೀವ ಊದಿತ್ತು.
ಅವನ ಕೈಗವಸು ಹೊಸದಿತ್ತು.

ಸೀಟೆತ್ತಿದಳು. ಚಾಸಿಗೆ ಬಿಗಿದ ಬೋಲ್ಟಿನಡಿ
ತಂತಿಯ ತುದಿ ಪಾಚಿಹಸಿರು, ಮೇಲೆ ಉಪ್ಪಿನ ಹುಡಿ.
ನೋಡಲು ಬಿಗಿಯಾಗಿಯೇ ಇತ್ತು, ಅದೇ ಮೋಸ.
ಈ ದಂಡೆಯಲ್ಲಿ ನಾವು ಉಪ್ಪು ತಿಂದದ್ದಕ್ಕಿಂತ
ಉಪ್ಪು ನಮ್ಮನ್ನು ತಿಂದದ್ದೇ ಹೆಚ್ಚು.
ಮರಳುಕಾಗದದಲ್ಲಿ ಉಜ್ಜುತ್ತ ಕೂತಳು,
ತಾಮ್ರ ನಾಚಿ ಕೆಂಪಾಗುವವರೆಗೆ.
ಹಿಮ್ಮಡಿಗೆ ಹಚ್ಚುವ ವ್ಯಾಸಲೀನು ಸವರಿ ಬಿಗಿದು
‘ಒದಿ’ ಅಂದಳು.

ಹೆಡ್ಡಿನ ಮೇಲೆ ಪ್ಲಗ್ಗಿಟ್ಟು ಒದ್ದೆ.
ಚಟ್! ನೀಲಿ.
ಮಧ್ಯಾಹ್ನದ ಬಿಸಿಲಲ್ಲೂ ಕಾಣುವ ನೀಲಿ.
ಪ್ಲಗ್ಗು ತಿರುಪಿ ಎರಡನೇ ಒದೆತಕ್ಕೆ
ಎರಡೂ ಕೊಳವೆ ಒಟ್ಟಿಗೆ ಬೈದವು,
ಅಂಗಡಿ ತುಂಬ ಬಿಳಿ ಹೊಗೆ.

ದುಡ್ಡೆಷ್ಟು ಕೇಳಿದೆ.
‘ದುಡ್ಡು ಬೇಡ. ಅಲ್ಲಿ ನೋಡು, ಆ ಕಂಬ.
ನಾಕು ದಿನ ಆಯ್ತು ದೀಪ ಇಲ್ಲ.
ಬಲೆ ತರುವ ಹುಡುಗರು ಗಟಾರಕ್ಕೆ ಬೀಳ್ತಾರೆ.’
ಆಫೀಸಿಗೆ ಬಂದು ಕಂಪ್ಲೇಂಟು ಬರೆಸಿ
ಎನ್ನಲು ಬಾಯಿ ತೆರೆದೆ. ಮುಚ್ಚಿದೆ.

ಯೆಜ್ಡಿಯನ್ನು ಕಂಬದ ಬುಡದಲ್ಲಿ ನಿಲ್ಲಿಸಿ ಹತ್ತಿದೆ,
ಎಂಜಿನ್ನು ಬಂದ್ ಮಾಡದೆ.
ಪೆಟ್ರೋಲು ದಂಡ ಎಂದು ಕೆಳಗಿನಿಂದ ಕೂಗಿದಳು.
ಆಗಲಿ. ಇನ್ನೊಮ್ಮೆ ಒದೆಯುವಷ್ಟು ನಂಬಿಕೆ
ಕಾಲಿಗೆ ಇನ್ನೂ ಬಂದಿರಲಿಲ್ಲ.